ಬಿಸ್ಮತ್: ನೆರೆಯವರ ಹೆಸರಿನಲ್ಲಿ ಬದುಕಿದ ಲೋಹ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಹೆಸರಿನ ಮಟ್ಟಿಗೆ ಬಂದು ಹೋಗುವ ಒಂದು ಮೂಲವಸ್ತುವಿನ ಚರಿತ್ರೆಯನ್ನು. ಪ್ರಯೋಗಾಲಯದ ಗೋಡೆಯಲ್ಲಿ ತೂಗುವ ಆವರ್ತಕ ಕೋಷ್ಟಕದ 83ನೆಯ ಮನೆಯಲ್ಲಿರುವ ಅದರ ಹೆಸರು ಬಿಸ್ಮತ್.

ಚಿನ್ನಕ್ಕಾಗಿ ನಡೆದಂತೆ ಈ ಲೋಹಕ್ಕಾಗಿ ಯುದ್ಧಗಳು ನಡೆಯಲಿಲ್ಲ. ಕಬ್ಬಿಣಕ್ಕೆ ಸಿಕ್ಕಂತೆ ಇದರ ಹೆಸರಿನ ಒಂದು ಯುಗವೂ ಇಲ್ಲ. ಆದರೆ ಇದರಷ್ಟು ಬಾರಿ ತಪ್ಪಾಗಿ ಗುರುತಿಸಲ್ಪಟ್ಟ ಲೋಹ ಬೇರೊಂದು ಸಿಗುವುದು ಕಷ್ಟ. ಕಳೆದ ಐದು ನೂರು ವರ್ಷಗಳಲ್ಲಿ ಜನ ಇದನ್ನು ತವರ ಎಂದರು, ಸೀಸ ಎಂದರು, ಬೆಳ್ಳಿಯಾಗುವ ಹಾದಿಯಲ್ಲಿರುವ ಲೋಹ ಎಂದರು, ಕೊನೆಗೆ ಎಂದೂ ಕ್ಷಯಿಸದ ವಸ್ತು ಎಂದರು. ನಾಲ್ಕೂ ಸರಿಯಲ್ಲ. ಈ ನಾಲ್ಕು ಮಾತುಗಳನ್ನು ಒಂದೊಂದಾಗಿ ತಿದ್ದಿದ್ದು ಹೇಗೆ ಎಂಬುದೇ ಬಿಸ್ಮತ್ತಿನ ಚರಿತ್ರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಹಾಲಲ್ಲದಿದ್ದರೆ ಮತ್ತೇನು ಎಂದು ಕೇಳಿ, ತೂಗಿ, ಅಳೆದು ಉತ್ತರ ಕಂಡುಕೊಳ್ಳುವುದು ಅದರ ಮುಂದಿನ ಹೆಜ್ಜೆ. ಆ ಹೆಜ್ಜೆಗೆ ಕೆಲವೊಮ್ಮೆ ಶತಮಾನಗಳೇ ಬೇಕಾಗುತ್ತವೆ.

ಮೂರು ಬಗೆಯ ಸೀಸ

ಬಿಸ್ಮತ್ ಬೆಳ್ಳಗಿನ ಲೋಹ. ಗಮನವಿಟ್ಟು ನೋಡಿದರೆ ಅದರಲ್ಲಿ ನಸುಗೆಂಪು ಛಾಯೆ ಕಾಣುತ್ತದೆ. ಸೀಸದಂತೆ ಭಾರ, ತವರದಂತೆ ಬೇಗ ಕರಗುವ ಗುಣ. ಆದರೆ ಅವೆರಡರಂತೆ ಬಾಗುವುದಿಲ್ಲ. ಸುತ್ತಿಗೆಯಿಂದ ಹೊಡೆದರೆ ತಗಡಾಗದೆ ಪುಡಿಯಾಗುತ್ತದೆ. ಅಲ್ಪಸ್ವಲ್ಪ ಶುದ್ಧ ಲೋಹವಾಗಿಯೇ ನೆಲದಲ್ಲಿ ಸಿಗುವುದರಿಂದ ಹಿಂದಿನವರ ಕೈಗೂ ಅದು ಬಂದಿತ್ತು. ದಕ್ಷಿಣ ಅಮೆರಿಕದ ಪೆರು ದೇಶದ ಮಾಚು ಪಿಚುವಿನಲ್ಲಿ ಇಂಕಾ ಜನರ ಒಂದು ಚಾಕು ಸಿಕ್ಕಿದೆ. ಅದರ ಹಿಡಿಯ ತುದಿಯಲ್ಲಿ ಲಾಮಾ ಪ್ರಾಣಿಯ ತಲೆ ಇದೆ. ಆ ತಲೆಯನ್ನು ಎರಕ ಹೊಯ್ದ ಕಂಚಿನಲ್ಲಿ ಸುಮಾರು ಶೇ. 18ರಷ್ಟು ಬಿಸ್ಮತ್ ಇರುವುದನ್ನು 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಯುರೋಪಿನಲ್ಲಿ ಇದನ್ನು ಚೆನ್ನಾಗಿ ಬಲ್ಲವರೆಂದರೆ ಜರ್ಮನಿಯ ಸ್ಯಾಕ್ಸನಿ ಮತ್ತು ಅದಕ್ಕೆ ಹೊಂದಿಕೊಂಡ ಬೊಹೀಮಿಯಾದ ಬೆಟ್ಟಗಳಲ್ಲಿ ಬೆಳ್ಳಿ ಅಗೆಯುತ್ತಿದ್ದ ಗಣಿ ಕೆಲಸಗಾರರು. ಬಿಸ್ಮತ್ ಸಿಕ್ಕಿದ ಜಾಗದ ಕೆಳಗೆ ಅನೇಕ ಬಾರಿ ಬೆಳ್ಳಿ ಸಿಗುತ್ತಿದ್ದುದರಿಂದ ಅವರು ಅದನ್ನು ಬೆಳ್ಳಿಯ ಸೂರು ಎಂದು ಕರೆಯುತ್ತಿದ್ದರು. ಲೋಹಗಳು ಭೂಮಿಯ ಹೊಟ್ಟೆಯಲ್ಲಿ ಬೆಳೆಯುತ್ತವೆ, ಕೀಳು ಲೋಹ ನಿಧಾನವಾಗಿ ಪಕ್ವವಾಗಿ ಮೇಲು ಲೋಹವಾಗುತ್ತದೆ ಎಂಬ ನಂಬಿಕೆಯ ಕಾಲ ಅದು. ಹಾಗಾಗಿ ಬಿಸ್ಮತ್ ಕಂಡಾಗ, ನಾವು ಸ್ವಲ್ಪ ಬೇಗ ಬಂದುಬಿಟ್ಟೆವು ಎಂದು ಗಣಿಯವರು ಪೇಚಾಡುತ್ತಿದ್ದರಂತೆ.

ಆ ಗಣಿ ಪ್ರದೇಶದ ಯೋಆಖಿಮ್ಸ್‌ಟಾಲ್ ಎಂಬ ಊರಿನಲ್ಲಿ ವೈದ್ಯನಾಗಿದ್ದ ಗಿಯೋರ್ಗಿಯಸ್ ಅಗ್ರಿಕೋಲಾ (1494–1555) ಕೆಲಸಗಾರರ ಮಾತುಗಳನ್ನು ಕಿವಿಗೊಟ್ಟು ಕೇಳಿದ. 1530ರಲ್ಲಿ ಪ್ರಕಟವಾದ 'ಬೆರ್ಮಾನಸ್' ಎಂಬ ಸಂವಾದ ರೂಪದ ಪುಸ್ತಕದಲ್ಲಿ, ಬಿಸ್ಮತ್ ತವರವೂ ಅಲ್ಲ, ಸೀಸವೂ ಅಲ್ಲ, ಬೇರೆಯದೇ ಲೋಹ ಎಂದು ಬರೆದ. ಗಣಿಯವರ 'ವಿಸ್ಮುಟ್' ಎಂಬ ಪದಕ್ಕೆ 'ಬಿಸೆಮುಟಮ್' ಎಂಬ ಲ್ಯಾಟಿನ್ ರೂಪ ಬಂದದ್ದೂ ಅವನಿಂದಲೇ. ಆದರೆ ಹಳೆಯ ಭಾಷೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. 1546ರ ಪುಸ್ತಕದಲ್ಲಿ ಅವನೇ ಮೂರು ಸೀಸಗಳ ಮಾತಾಡುತ್ತಾನೆ. ಕಪ್ಪು ಸೀಸವೆಂದರೆ ನಾವು ಇಂದು ಸೀಸ ಎನ್ನುವುದು, ಬಿಳಿ ಸೀಸವೆಂದರೆ ತವರ, ಬೂದು ಸೀಸವೆಂದರೆ ಬಿಸ್ಮತ್. ಬೇರೆ ಲೋಹ ಎಂದು ಗುರುತಿಸಿದವನ ಬರಹದಲ್ಲೂ ಅದಕ್ಕೆ ಸಿಕ್ಕಿದ್ದು ನೆರೆಯವನ ಮನೆತನದ ಹೆಸರೇ.

ತಕ್ಕಡಿಯ ಸಾಕ್ಷಿ

ಕಣ್ಣಿಗೆ ಒಂದೇ ರೀತಿ ಕಾಣುವ ವಸ್ತುಗಳನ್ನು ಬೇರ್ಪಡಿಸಬೇಕಾದರೆ ಕಣ್ಣನ್ನು ಬಿಟ್ಟು ಅಳತೆಯನ್ನು ಹಿಡಿಯಬೇಕು. ಇಂದಿನ ಅಂಕಿಗಳನ್ನೇ ನೋಡಿ. ಒಂದು ಘನ ಸೆಂಟಿಮೀಟರ್ ತವರ ಸುಮಾರು 7.3 ಗ್ರಾಂ ತೂಗುತ್ತದೆ, ಬಿಸ್ಮತ್ 9.8 ಗ್ರಾಂ, ಸೀಸ 11.3 ಗ್ರಾಂ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಿಸ್ಮತ್ 271ರಲ್ಲಿ, ಸೀಸ 327ರಲ್ಲಿ. ಎರಡು ಅಳತೆಗಳಲ್ಲೂ ಬಿಸ್ಮತ್ ಅವೆರಡರ ನಡುವೆ ನಿಲ್ಲುತ್ತದೆ. ಗೊಂದಲಕ್ಕೆ ಇದೂ ಒಂದು ಕಾರಣ. ತವರವನ್ನೂ ಸೀಸವನ್ನೂ ಬೆರೆಸಿದರೂ ನಡುವಿನ ತೂಕವೇ ಬರುತ್ತದಲ್ಲವೇ?

ಆದರೆ ಇನ್ನೊಂದು ಗುಣದಲ್ಲಿ ಅದು ಇಬ್ಬರಿಗೂ ಸೇರುವುದಿಲ್ಲ. ಸಾಮಾನ್ಯವಾಗಿ ಲೋಹಗಳು ದ್ರವದಿಂದ ಘನವಾಗುವಾಗ ಕುಗ್ಗುತ್ತವೆ. ಬಿಸ್ಮತ್ ಗಟ್ಟಿಯಾಗುವಾಗ ಸುಮಾರು ಶೇ. 3.3ರಷ್ಟು ಹಿಗ್ಗುತ್ತದೆ. ನೀರು ಮಂಜುಗಡ್ಡೆಯಾಗುವಾಗ ಹಿಗ್ಗಿ ಬಾಟಲಿ ಒಡೆಯುವುದನ್ನು ನಾವು ಕಂಡಿದ್ದೇವೆ. ಹೀಗೆ ಹಿಗ್ಗುವ ಮೂಲವಸ್ತುಗಳು ಕೆಲವೇ ಕೆಲವು. ಗ್ಯಾಲಿಯಂ, ಸಿಲಿಕಾನ್, ಜರ್ಮೇನಿಯಂ ಅವುಗಳಲ್ಲಿ ಸೇರುತ್ತವೆ. ದ್ರವ ಬಿಸ್ಮತ್ತಿನ ಮೇಲೆ ಘನ ಬಿಸ್ಮತ್ ತೇಲುತ್ತದೆ. ಸೀಸದಲ್ಲಿ ಈ ಆಟ ನಡೆಯುವುದಿಲ್ಲ.

ಬಿಸ್ಮತ್ ಸೀಸಕ್ಕಿಂತ ಬೇರೆ ಎಂಬುದನ್ನು ಪ್ರಯೋಗಗಳ ಮೂಲಕ ತೋರಿಸಿದ ಕೀರ್ತಿಯನ್ನು ಫ್ರಾನ್ಸಿನ ಕ್ಲಾಡ್ ಫ್ರಾಂಸ್ವಾ ಜೋಫ್ರುವಾನಿಗೆ ಕೊಡುತ್ತಾರೆ. ವರ್ಷ 1753. ಅಗ್ರಿಕೋಲಾನ ಮಾತಿನಿಂದ ಅಲ್ಲಿಗೆ 223 ವರ್ಷ! 1789ರಲ್ಲಿ ಲವಾಸಿಯೆ ತನ್ನ ಪ್ರಸಿದ್ಧ ಪುಸ್ತಕದಲ್ಲಿ 33 ಸರಳ ವಸ್ತುಗಳ ಪಟ್ಟಿ ಕೊಟ್ಟಾಗ ಬಿಸ್ಮತ್ ಅದರಲ್ಲಿ ತನ್ನದೇ ಹೆಸರಿನಲ್ಲಿ ಕಾಣಿಸಿಕೊಂಡಿತು. ಆರ್ಸೆನಿಕ್, ಆಂಟಿಮನಿ, ಸೀಸ, ತವರ ಎಲ್ಲವೂ ಅದೇ ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಲ್ಲಿದ್ದವು.

ಹದಿನೈದನೆಯ ಗುಂಪಿನ ಕುಟುಂಬ

ಬೇರೆ ಲೋಹ ಎಂಬುದು ಖಚಿತವಾಯಿತು. ಹಾಗಾದರೆ ಅದರ ನಿಜವಾದ ಬಂಧುಗಳು ಯಾರು? 1869ರಲ್ಲಿ ಮೆಂಡಲೀಫ್ ತನ್ನ ಕೋಷ್ಟಕದಲ್ಲಿ ಬಿಸ್ಮತ್ತನ್ನು ಸೀಸ, ತವರಗಳ ಜೊತೆಗೆ ಇಡಲಿಲ್ಲ. ಸಾರಜನಕ, ರಂಜಕ, ಆರ್ಸೆನಿಕ್, ಆಂಟಿಮನಿಗಳ ಸಾಲಿನ ಕೊನೆಗೆ ಇಟ್ಟ. ಅದರ ಪರಮಾಣು ತೂಕವನ್ನು 210 ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ. ಇಂದಿನ ಬೆಲೆ 208.98. ಅವನ ಸಂಶಯವೂ ಸರಿ, ಸ್ಥಾನವೂ ಸರಿ.

ಮೊದಲ ನೋಟಕ್ಕೆ ಇದೊಂದು ವಿಚಿತ್ರ ಕುಟುಂಬ. ಹಿರಿಯ ಅಣ್ಣ ಸಾರಜನಕ ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲು. ರಂಜಕವನ್ನು 1669ರಲ್ಲಿ ಹ್ಯಾಂಬರ್ಗ್‌ನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಬತ್ತಿಸಿ ಪಡೆದ. ಇಂದು ಅದು ಬೆಂಕಿಪೊಟ್ಟಣದ ಬದಿಯಲ್ಲಿದೆ. ಆರ್ಸೆನಿಕ್ ಪ್ರಸಿದ್ಧ ವಿಷ. ನಮ್ಮ ಆಯುರ್ವೇದ ಗ್ರಂಥಗಳ ಹರಿತಾಳ, ಮನಃಶಿಲೆಗಳು ಆರ್ಸೆನಿಕ್ ಗಂಧಕದೊಡನೆ ಸೇರಿದ ಖನಿಜಗಳೇ. ಆಂಟಿಮನಿ ಹಿಂದಿನ ಅಚ್ಚುಕೂಟಗಳ ಸಂಗಾತಿ. ಸೀಸ, ತವರಗಳ ಜೊತೆ ಅದನ್ನು ಬೆರೆಸಿ ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯುತ್ತಿದ್ದರು. ಕಂಪ್ಯೂಟರ್ ಬರುವ ಮುಂಚಿನ ಕನ್ನಡ ಪುಸ್ತಕಗಳ ಅಕ್ಷರಗಳನ್ನು ಮೂಡಿಸಿದ್ದು ಅಂಥ ಮೊಳೆಗಳೇ. ಕೊನೆಯ ತಮ್ಮ ಬಿಸ್ಮತ್.

ಗಾಳಿಗೂ ಭಾರದ ಲೋಹಕ್ಕೂ ಏನು ಸಂಬಂಧ? ಉತ್ತರ ಪರಮಾಣುವಿನ ಹೊರಕವಚದಲ್ಲಿದೆ. ಐದಕ್ಕೂ ಅಲ್ಲಿ ಐದೈದು ಇಲೆಕ್ಟ್ರಾನುಗಳು. ಆದ್ದರಿಂದ ಅವು ರಚಿಸುವ ಸಂಯುಕ್ತಗಳ ಮಾದರಿ ಒಂದೇ. ಆದರೆ ಮೇಲಿನಿಂದ ಕೆಳಗೆ ಇಳಿದಂತೆ ಪರಮಾಣು ದೊಡ್ಡದಾಗುತ್ತದೆ, ಇಲೆಕ್ಟ್ರಾನುಗಳ ಮೇಲಿನ ಹಿಡಿತ ಸಡಿಲವಾಗುತ್ತದೆ, ಲೋಹದ ಗುಣ ಹೆಚ್ಚುತ್ತದೆ. ಸಾರಜನಕ, ರಂಜಕ ಅಲೋಹಗಳು, ಆರ್ಸೆನಿಕ್, ಆಂಟಿಮನಿ ಎರಡೂ ಕಡೆ ಕಾಲಿಟ್ಟ ಲೋಹಾಭಗಳು, ಬಿಸ್ಮತ್ ಲೋಹ. ಆಕ್ಸೈಡುಗಳಲ್ಲೂ ಇದೇ ಕ್ರಮ. ರಂಜಕದ ಆಕ್ಸೈಡ್ ನೀರಿನಲ್ಲಿ ಆಮ್ಲವಾಗುತ್ತದೆ. ಆಂಟಿಮನಿಯದು ಆಮ್ಲದೊಡನೆಯೂ ಪ್ರತ್ಯಾಮ್ಲದೊಡನೆಯೂ ವರ್ತಿಸುತ್ತದೆ. ಬಿಸ್ಮತ್ತಿನದು ಪ್ರತ್ಯಾಮ್ಲೀಯ. ಒಂದೇ ಗುಂಪಿನಲ್ಲಿ ಅಲೋಹದಿಂದ ಲೋಹದವರೆಗಿನ ಪೂರ್ತಿ ಪಯಣವನ್ನು ನೋಡಬೇಕೆಂದರೆ ಹದಿನೈದನೆಯ ಗುಂಪನ್ನು ನೋಡಬೇಕು.

ಕುಟುಂಬದಲ್ಲಿ ಬಿಸ್ಮತ್ತಿನ ಒಂದು ಪ್ರತ್ಯೇಕ ಸ್ವಭಾವವೂ ಇದೆ. ಐದು ಇಲೆಕ್ಟ್ರಾನುಗಳಿದ್ದರೂ ಅದು ಸಾಮಾನ್ಯವಾಗಿ ಮೂರನ್ನು ಮಾತ್ರ ವ್ಯವಹಾರಕ್ಕೆ ಬಿಡುತ್ತದೆ, ಉಳಿದ ಎರಡನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬಲವಂತವಾಗಿ ಐದನ್ನೂ ಬಳಸುವಂತೆ ಮಾಡಿದ ಸೋಡಿಯಂ ಬಿಸ್ಮತೇಟ್‌ನಂಥ ಸಂಯುಕ್ತಗಳು ಎದುರಿಗೆ ಸಿಕ್ಕವರಿಂದ ಇಲೆಕ್ಟ್ರಾನುಗಳನ್ನು ಕಿತ್ತುಕೊಳ್ಳಲು ಸದಾ ಸಿದ್ಧ.

ಓಮನ ನಿಯಮದ ಹಿಂದೆ

ಹತ್ತೊಂಬತ್ತನೆಯ ಶತಮಾನದಲ್ಲಿ ಭೌತವಿಜ್ಞಾನಿಗಳಿಗೂ ಬಿಸ್ಮತ್ ಪ್ರಿಯವಾಯಿತು. ಆಯಸ್ಕಾಂತ ಅದನ್ನು ಸೆಳೆಯುವುದಿಲ್ಲ, ನವಿರಾಗಿ ದೂರ ತಳ್ಳುತ್ತದೆ. ಡಚ್ ವಿಜ್ಞಾನಿ ಬ್ರುಗ್‌ಮಾನ್ಸ್ 1778ರಲ್ಲೇ ಇದನ್ನು ಗಮನಿಸಿದ್ದ. 1845ರಲ್ಲಿ ಮೈಕೆಲ್ ಫ್ಯಾರಡೆ ಈ ಗುಣವನ್ನು ವಿವರವಾಗಿ ಪರೀಕ್ಷಿಸಿ, ಅನೇಕ ವಸ್ತುಗಳಲ್ಲಿ ಇದು ಇದೆಯೆಂದು ತೋರಿಸಿದ. ಲೋಹಗಳ ಪೈಕಿ ಬಿಸ್ಮತ್ತಿನಲ್ಲಿ ಇದು ಎದ್ದು ಕಾಣುವಷ್ಟು ಪ್ರಬಲ.

1821ರಲ್ಲಿ ಬರ್ಲಿನ್ನಿನಲ್ಲಿ ಸೀಬೆಕ್ ತಾಮ್ರ ಮತ್ತು ಬಿಸ್ಮತ್ತಿನ ಪಟ್ಟಿಗಳನ್ನು ಎರಡು ತುದಿಗಳಲ್ಲಿ ಜೋಡಿಸಿ ಒಂದು ತುದಿಯನ್ನು ಬಿಸಿ ಮಾಡಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿತು. ಶಾಖದ ವ್ಯತ್ಯಾಸದಿಂದ ವಿದ್ಯುತ್ತು ಹರಿಯುತ್ತಿತ್ತು. ಇದರ ಲಾಭ ಪಡೆದವನು ನಮಗೆಲ್ಲ ಹತ್ತನೆಯ ತರಗತಿಯಲ್ಲಿ ಪರಿಚಯವಾಗುವ ಗಿಯೋರ್ಗ್ ಓಮ್. ಅಂದಿನ ಬ್ಯಾಟರಿಗಳ ಒತ್ತಡ ಗಳಿಗೆಗೊಂದು ರೀತಿ ಇರುತ್ತಿತ್ತು. ಅವನ್ನು ನಂಬಿ ನಿಯಮ ಹುಡುಕುವಂತಿರಲಿಲ್ಲ. 1826ರಲ್ಲಿ ಓಮ್ ತಾಮ್ರ ಮತ್ತು ಬಿಸ್ಮತ್ತಿನ ಜೋಡಿಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಎರಡರ ಉಷ್ಣತೆಯೂ ಬದಲಾಗದ್ದರಿಂದ ಸ್ಥಿರವಾದ ಒತ್ತಡ ಸಿಕ್ಕಿತು. ಆ ಸ್ಥಿರತೆಯ ಮೇಲೆ ನಿಂತು ಅವನು ತನ್ನ ನಿಯಮವನ್ನು ಕಂಡುಕೊಂಡ. ನಾವು ಬಾಯಿಪಾಠ ಮಾಡಿದ ಸೂತ್ರದ ಹಿಂದೆ ಬಿಸ್ಮತ್ತಿನ ಒಂದು ಪಟ್ಟಿ ಇದೆ.

ನೆರೆಮನೆಯ ಹೊಸಬ

1898ರಲ್ಲಿ ಪ್ಯಾರಿಸ್ಸಿನ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರನ್ನು ರಾಸಾಯನಿಕವಾಗಿ ಬಿಡಿಸುತ್ತಿದ್ದರು. ಅವರು ಮುಂದೆ ಟನ್‌ಗಟ್ಟಲೆ ಸಂಸ್ಕರಿಸಿದ ಅದಿರು ಬಂದದ್ದು ಅಗ್ರಿಕೋಲಾನ ಅದೇ ಯೋಆಖಿಮ್ಸ್‌ಟಾಲ್‌ನಿಂದ. ಬಿಡಿಸಿದ ಭಾಗಗಳಲ್ಲಿ ಬಿಸ್ಮತ್ ಇದ್ದ ಭಾಗ ಯುರೇನಿಯಂಗಿಂತ ನೂರಾರು ಪಟ್ಟು ಹೆಚ್ಚು ವಿಕಿರಣ ಸೂಸುತ್ತಿತ್ತು. ಸಾಮಾನ್ಯ ಬಿಸ್ಮತ್ತಿಗೆ ಅಂಥ ಗುಣವಿಲ್ಲ. ಹಾಗಾದರೆ ಅದರೊಳಗೆ ಬೇರೆ ಯಾರೋ ಅಡಗಿದ್ದಾರೆ ಎಂದು ಅವರು ತರ್ಕಿಸಿದರು. ಆ ಜುಲೈ ತಿಂಗಳಲ್ಲಿ ಮೇರಿಯ ತಾಯ್ನಾಡಿನ ಹೆಸರಿನಲ್ಲಿ ಅದಕ್ಕೆ ಪೊಲೋನಿಯಂ ಎಂದು ಹೆಸರಿಟ್ಟರು. ಕೋಷ್ಟಕದಲ್ಲಿ ಅದರ ಸ್ಥಾನ 84, ಬಿಸ್ಮತ್ತಿನ ಪಕ್ಕದ ಮನೆ. ಶತಮಾನಗಳ ಕಾಲ ನೆರೆಯವರ ಹೆಸರಿನಲ್ಲಿ ಬದುಕಿದ್ದ ಲೋಹ ಈಗ ತನ್ನ ಹೆಸರಿನಡಿ ಹೊಸ ನೆರೆಯವನನ್ನು ಬಚ್ಚಿಟ್ಟುಕೊಂಡಿತ್ತು.

ಈ ನೆರೆಹೊರೆ ಸಾಮಾನ್ಯದ್ದಲ್ಲ. ಬಿಸ್ಮತ್ತಿನ ಎಡಕ್ಕೆ ಸೀಸ, ಅದರಾಚೆ ಥ್ಯಾಲಿಯಂ, ಬಲಕ್ಕೆ ಪೊಲೋನಿಯಂ, ಮೇಲೆ ಆಂಟಿಮನಿ, ಆರ್ಸೆನಿಕ್. ಎಲ್ಲವೂ ವಿಷಗಳು. ನಡುವೆ ಕುಳಿತ ಬಿಸ್ಮತ್ ಮಾತ್ರ ಅವುಗಳಿಗೆ ಹೋಲಿಸಿದರೆ ಸೌಮ್ಯ. ಅದರ ಸಂಯುಕ್ತಗಳು ನೀರಿನಲ್ಲಿ ಸುಲಭವಾಗಿ ಕರಗದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಹೊಟ್ಟೆಯ ತೊಂದರೆಗಳಿಗೆ ಬಿಸ್ಮತ್ ಔಷಧ ಬಹುಕಾಲದಿಂದ ಬಳಕೆಯಲ್ಲಿದೆ. ಜಠರದ ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ತೋರಿಸಿ 2005ರ ನೊಬೆಲ್ ಪಡೆದರು. ಆ ಬ್ಯಾಕ್ಟೀರಿಯಾದ ಚಿಕಿತ್ಸೆಯಲ್ಲಿ ಪ್ರತಿಜೀವಕಗಳ ಜೊತೆ ಬಿಸ್ಮತ್ತನ್ನು ಇಂದಿಗೂ ಕೊಡುತ್ತಾರೆ. ಹಾಗೆಂದು ಅದು ಅಮೃತವಲ್ಲ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಿಸ್ಮತ್ ಔಷಧವನ್ನು ಬಹಳ ಕಾಲ ಹೆಚ್ಚು ಪ್ರಮಾಣದಲ್ಲಿ ಸೇವಿಸಿದ ಅನೇಕರ ಮೆದುಳಿಗೆ ತೊಂದರೆಯಾಯಿತು.

ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹಗಳಿಗೂ ಬಿಸ್ಮತ್ತೇ ಜೀವಾಳ. ಎರಡು ಪಾಲು ಬಿಸ್ಮತ್, ಒಂದು ಪಾಲು ಸೀಸ, ಒಂದು ಪಾಲು ತವರ ಬೆರೆಸಿದರೆ ಆ ಮಿಶ್ರಣ 100 ಡಿಗ್ರಿಗಿಂತ ಕಡಿಮೆಯಲ್ಲೇ ಕರಗುತ್ತದೆ. ಕುದಿಯುವ ನೀರೇ ಸಾಕು. ಕ್ಯಾಡ್ಮಿಯಂ ಕೂಡ ಸೇರಿಸಿದ ವುಡ್ ಲೋಹಕ್ಕೆ ಸುಮಾರು 70 ಡಿಗ್ರಿ ಸಾಕು. ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ಉಪಕರಣಗಳಲ್ಲಿ ಇಂಥ ಲೋಹದ ಬಿರಡೆ ಕರಗಿ ದಾರಿ ಬಿಡುತ್ತದೆ. ಅಡುಗೆಮನೆಯ ಕುಕ್ಕರಿನ ಸೇಫ್ಟಿ ವಾಲ್ವ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ನಾನು ಬರೆಯುವ ಪ್ರೋಗ್ರಾಂಗಳು ಓಡುವ ಯಂತ್ರಗಳಿಗೂ ಈ ಲೋಹಕ್ಕೂ ನಂಟಿದೆ. ಇಲೆಕ್ಟ್ರಾನಿಕ್ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರಬಾರದೆಂಬ ಐರೋಪ್ಯ ಒಕ್ಕೂಟದ ನಿಯಮ 2006ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಬದಲಿ ಬೆಸುಗೆಗಳ ಹುಡುಕಾಟ ಜೋರಾಯಿತು. ಅವುಗಳಲ್ಲಿ ಬಿಸ್ಮತ್ ಮತ್ತು ತವರದ ಬೆಸುಗೆಯೂ ಒಂದು. ಸ್ವಾರಸ್ಯವೆಂದರೆ, ಸೀಸದ ಬದಲಿಗೆ ಬಳಸುವ ಈ ಬಿಸ್ಮತ್ತಿನ ದೊಡ್ಡ ಪಾಲು ಸಿಗುವುದು ಸೀಸವನ್ನು ಶುದ್ಧ ಮಾಡುವಾಗಲೇ.

2003: ತಿದ್ದಲ್ಪಟ್ಟ ವಾಕ್ಯ

ಇಪ್ಪತ್ತನೆಯ ಶತಮಾನದ ಬಹುಪಾಲು ಪುಸ್ತಕಗಳಲ್ಲಿ ಬಿಸ್ಮತ್ತಿನ ಬಗ್ಗೆ ಒಂದು ವಾಕ್ಯ ಇರುತ್ತಿತ್ತು: ಸ್ಥಿರವಾದ ಮೂಲವಸ್ತುಗಳಲ್ಲಿ ಇದೇ ಕೊನೆಯದು, ಇದರ ಮುಂದಿನವೆಲ್ಲ ವಿಕಿರಣಶೀಲ. ಸಿದ್ಧಾಂತಿಗಳಿಗೆ ಇದರಲ್ಲಿ ಮೊದಲಿನಿಂದಲೂ ಸಂಶಯವಿತ್ತು. ಬಿಸ್ಮತ್ತಿನ ಪರಮಾಣು ಬೀಜ ಒಂದು ಆಲ್ಫಾ ಕಣವನ್ನು ಹೊರಹಾಕಿ ಥ್ಯಾಲಿಯಂ ಆಗಲು ಬೇಕಾದ ಶಕ್ತಿ ಅದರಲ್ಲಿದೆ ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಹಾಗೆ ಆಗುವುದನ್ನು ಯಾರೂ ನಿಸ್ಸಂದೇಹವಾಗಿ ಕಂಡಿರಲಿಲ್ಲ.

2003ರಲ್ಲಿ ಫ್ರಾನ್ಸಿನ ಓರ್ಸೆಯ ವಿಜ್ಞಾನಿಗಳು ಬಿಸ್ಮತ್ ಇರುವ ಹರಳೊಂದನ್ನು ಪರಮ ಶೂನ್ಯಕ್ಕೆ ತೀರ ಹತ್ತಿರದ ಉಷ್ಣತೆಗೆ ತಂಪುಮಾಡಿ ಕಾದು ಕುಳಿತರು. ಅಷ್ಟು ತಣ್ಣಗಿರುವ ಹರಳಿನೊಳಗೆ ಒಂದೇ ಒಂದು ಪರಮಾಣು ಸಿಡಿದರೂ ಅದರ ಶಾಖ ಅಳತೆಗೆ ಸಿಗುತ್ತದೆ. ಸಿಕ್ಕಿತು. ಬಿಸ್ಮತ್ ಕ್ಷಯಿಸುತ್ತದೆ ಎಂಬುದು ಖಚಿತವಾಯಿತು. ಅದರ ಅರ್ಧಾಯು 19ರ ಮುಂದೆ 18 ಸೊನ್ನೆ ಹಾಕಿದಷ್ಟು ವರ್ಷಗಳು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಬಿಸ್ಮತ್ತಿನ ಅರ್ಧಾಯು ಅದರ 130 ಕೋಟಿ ಪಟ್ಟಿಗೂ ಹೆಚ್ಚು!

ಇಷ್ಟು ದೀರ್ಘ ಕಾಲವನ್ನು ಕಾಯದೆ ಅಳೆದದ್ದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬೇಕು. ಲೆಕ್ಕ ನಮ್ಮ ಪಠ್ಯದ ಅವೊಗಾಡ್ರೊ ಸಂಖ್ಯೆಯಲ್ಲೇ ಇದೆ. ಒಂದು ಗ್ರಾಂ ಬಿಸ್ಮತ್ತಿನಲ್ಲಿ 288ರ ಮುಂದೆ 19 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ. ಒಂದೊಂದೂ ಕಲ್ಪನೆಗೆ ಮೀರಿದಷ್ಟು ಕಾಲ ಬಾಳುವುದಾದರೂ, ಸಂಖ್ಯೆ ಇಷ್ಟು ದೊಡ್ಡದಾದ್ದರಿಂದ ಆ ಒಂದು ಗ್ರಾಂನಲ್ಲಿ ವರ್ಷಕ್ಕೆ ಸುಮಾರು ನೂರು ಪರಮಾಣುಗಳು ಸಿಡಿಯುತ್ತವೆ, ಮೂರೂವರೆ ದಿನಕ್ಕೊಂದು. ಕಾಲವನ್ನು ಉದ್ದಮಾಡಲಾಗದಿದ್ದರೆ ಪರಮಾಣುಗಳ ಸಂಖ್ಯೆಯನ್ನು ಹೆಚ್ಚಿಸಿ ನೋಡಬಹುದು. ಇಷ್ಟೇ ಉಪಾಯ.

ಆ ವರ್ಷ ನಾನು ಇದೇ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದೆ. ಈ ಸುದ್ದಿ ನನಗೆ ತಿಳಿದದ್ದು ಬಿ.ಇ. ಮುಗಿದು ಎಷ್ಟೋ ವರ್ಷಗಳ ಮೇಲೆ. ಹಳೆಯ ವಾಕ್ಯವನ್ನು ಬರೆದವರ ಮೇಲೆ ನನಗೆ ದೂರಿಲ್ಲ. ಅವರ ಕಾಲದ ಉಪಕರಣಗಳಿಗೆ ಕಂಡದ್ದನ್ನು ಅವರು ಬರೆದಿದ್ದರು. ಸ್ಥಿರ ಎಂಬ ಪದದ ಅರ್ಥ, ಈವರೆಗೆ ಸಿಡಿದದ್ದನ್ನು ಯಾರೂ ಕಂಡಿಲ್ಲ ಎಂದಷ್ಟೇ ಆಗಿತ್ತು. ಮೆಂಡಲೀಫ್ 210ರ ಪಕ್ಕ ಹಾಕಿದ ಪ್ರಶ್ನಾರ್ಥಕ ಚಿಹ್ನೆಯಂಥದ್ದೊಂದು ಆ ವಾಕ್ಯದ ಪಕ್ಕದಲ್ಲೂ ಇರಬೇಕಿತ್ತು. ಈಗ ಸ್ಥಿರ ಮೂಲವಸ್ತುಗಳ ಸಾಲಿನ ಕೊನೆಯ ಪಟ್ಟ ಮತ್ತೆ ಹಳೆಯ ನೆರೆಯವನಾದ ಸೀಸಕ್ಕೇ ಹೋಗಿದೆ.

ಬಿಸ್ಮತ್ತಿನ ಬಗ್ಗೆ ತಿಳಿಯಬೇಕಾದದ್ದೆಲ್ಲ ಅಲ್ಲಿಗೆ ಮುಗಿಯಲಿಲ್ಲ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಶುದ್ಧ ಬಿಸ್ಮತ್ ಹರಳನ್ನು ಪರಮ ಶೂನ್ಯದ ಮೇಲೆ ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಭಾಗದಷ್ಟು ಉಷ್ಣತೆಗೆ ಇಳಿಸಿದಾಗ ಅದು ಅತಿವಾಹಕವಾಯಿತು. ಬಿಸ್ಮತ್ತಿನಲ್ಲಿ ಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದೇ ಒಂದು ಓಡಾಡುವ ಇಲೆಕ್ಟ್ರಾನ್ ಇದೆ. ಇಷ್ಟು ಬಡ ಲೋಹ ಅತಿವಾಹಕವಾಗುವುದನ್ನು 1957ರಿಂದ ಬಳಕೆಯಲ್ಲಿರುವ ಪ್ರಸಿದ್ಧ ಸಿದ್ಧಾಂತ ಸುಲಭವಾಗಿ ವಿವರಿಸಲಾರದು. 'ಸೈನ್ಸ್' ಪತ್ರಿಕೆಯ 2017ರ ಜನವರಿ ಸಂಚಿಕೆಯಲ್ಲಿ ಇದು ಪ್ರಕಟವಾಯಿತು.

ಕುಟುಂಬವೂ ಬೆಳೆಯುತ್ತಿದೆ. ಓರ್ಸೆಯ ಫಲಿತಾಂಶ ಬಂದ 2003ರಲ್ಲೇ ರಷ್ಯಾದ ದುಬ್ನಾದಲ್ಲಿ ಅಮೆರಿಸಿಯಂಗೆ ಕ್ಯಾಲ್ಸಿಯಂ ಅಪ್ಪಳಿಸಿ 115ನೆಯ ಮೂಲವಸ್ತುವಿನ ಕೆಲವೇ ಪರಮಾಣುಗಳನ್ನು ಪಡೆದರು. ಜಪಾನಿನಲ್ಲಿ ಬಿಸ್ಮತ್ತಿಗೇ ಸತುವಿನ ಬೀಜಗಳನ್ನು ಅಪ್ಪಳಿಸಿ 113ನೆಯದನ್ನು ಪಡೆದರು. ಮೂರು ಪರಮಾಣುಗಳಿಗೆ 2004ರಿಂದ 2012ರವರೆಗೆ ದುಡಿದರು. 115ನೆಯದಕ್ಕೆ 2016ರಲ್ಲಿ ಮಾಸ್ಕೋವಿಯಂ ಎಂದು ಹೆಸರಾಯಿತು. ಅದರ ಮನೆ ಬಿಸ್ಮತ್ತಿನ ನೇರ ಕೆಳಗೆ. ಸೆಕೆಂಡಿನ ಸಣ್ಣ ಭಾಗದಲ್ಲಿ ಮರೆಯಾಗುವ ಅದು ಗುಂಪಿನ ಅಣ್ಣಂದಿರನ್ನು ಹೋಲುತ್ತದೆಯೇ, ಎಷ್ಟರ ಮಟ್ಟಿಗೆ ಹೋಲುತ್ತದೆ ಎಂಬುದನ್ನು ಒಂದೊಂದೇ ಪರಮಾಣು ಹಿಡಿದು ಪರೀಕ್ಷಿಸುವ ಕೆಲಸ ಈಗಷ್ಟೇ ಶುರುವಾಗಿದೆ. ಗೋಡೆಯ ಕೋಷ್ಟಕದಲ್ಲಿ 83ರ ಕೆಳಗಿನ ಆ ಚೌಕದಲ್ಲಿ ಹೆಸರು ಬಿಟ್ಟರೆ ತುಂಬಿಸಲು ಬಹಳಷ್ಟು ಉಳಿದಿದೆ. ನಮ್ಮ ಶಾಲೆಯ ಈಗಿನ ವಿದ್ಯಾರ್ಥಿಗಳು ಮುಂದಿನ ಸಲ ಆ ಗೋಡೆಯ ಮುಂದೆ ನಿಂತಾಗ, ತುಂಬಿದ ಚೌಕಗಳ ಜೊತೆಗೆ ಆ ಚೌಕವನ್ನೂ ಒಮ್ಮೆ ನೋಡಲಿ.